ಓವರ್‌ಹಾಲ್ ಆದ ಎಂಜಿಬಿ: ಬೆಳಗಾವಿಯಲ್ಲಿ ದಿನಾ ಓಡಿಸಿದ ಮೇಲೆ

ಉದ್ಯಮಬಾಗದ ಒಂದು ಮಷೀನ್ ಶಾಪಿನಲ್ಲಿ ಮಾಡಿಸಿದ ಎಂಜಿನ್ ಕೆಲಸಕ್ಕೆ ನನ್ನಿಂದ ಐದರಲ್ಲಿ ನಾಲ್ಕೂವರೆ ಸ್ಟಾರ್. ಅರ್ಧ ಕಡಿಮೆ ಯಾಕೆ ಅನ್ನುವುದನ್ನೂ ಮುಂದೆ ಹೇಳುತ್ತೇನೆ. ಓವರ್‌ಹಾಲ್ ಆದ ಹೊಸದರಲ್ಲಿ ಯಾವ ಎಂಜಿನ್ನೂ ಚೆನ್ನಾಗಿಯೇ ಓಡುತ್ತದೆ. ಹಾಗಾಗಿ ಕೆಲವು ಬೇಸಿಗೆ, ಮಳೆಗಾಲ ಕಳೆಯುವವರೆಗೆ ಕಾದು ಈಗ ಬರೆಯುತ್ತಿದ್ದೇನೆ.

ಗಾಡಿ 1966ರ ಎಂಜಿಬಿ, ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು. 1798 ಸಿಸಿ, ನಾಲ್ಕು ಸಿಲಿಂಡರ್, ಐದು ಮೇನ್ ಬೇರಿಂಗ್, ಜೋಡಿ ಎಸ್‌ಯು ಕಾರ್ಬುರೇಟರ್. ಕಂಪನಿಯವರು ಈ ಎಂಜಿನ್ನಿಗೆ ಕೊಟ್ಟಿದ್ದ ಕಂಪ್ರೆಶನ್ (ಸಿಲಿಂಡರಿನೊಳಗಿನ ಪೆಟ್ರೋಲ್-ಗಾಳಿಯ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಅಳತೆ) 8.8:1, ಶಕ್ತಿ 95 ಎಚ್‌ಪಿ. ಕಳಪೆ ಪೆಟ್ರೋಲ್ ಸಿಗುವ ದೇಶಗಳಿಗೆಂದು 8:1ರ ಎಂಜಿನ್ನನ್ನೂ ಅವರೇ ಮಾಡುತ್ತಿದ್ದರು. 8.8 ಅನ್ನುವುದು ಸೀಸ ಬೆರೆತ, ಹೆಚ್ಚು ಆಕ್ಟೇನ್‌ನ (ಅಂದರೆ ಒತ್ತಿದರೂ ತಾನಾಗಿ ಹೊತ್ತಿಕೊಳ್ಳದ) ಅಂದಿನ ಬ್ರಿಟನ್ ಪೆಟ್ರೋಲಿಗೆ ಹೊಂದಿಸಿದ ಅಂಕಿ. ನಮ್ಮಲ್ಲಿ ಸೀಸದ ಪೆಟ್ರೋಲ್ 2000ದಲ್ಲೇ ನಿಂತಿತು. ಓವರ್‌ಹಾಲ್ ಮಾಡಿಸಿದಾಗ ಬಂಕಿನಲ್ಲಿ ಸಿಗುತ್ತಿದ್ದ ಸಾದಾ ಪೆಟ್ರೋಲಿನ ಆಕ್ಟೇನ್ 91.

ನನ್ನ ಗಾಡಿಯ ಕಂಪ್ರೆಶನ್ 8.8ರಲ್ಲೂ ಉಳಿದಿರಲಿಲ್ಲ. ಅರವತ್ತು ವರ್ಷದ ಗಾಡಿಯ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಎಷ್ಟು ಸಲ ಸವೆಸಿ ಫೇಸಿಂಗ್ ಆಗಿರುತ್ತದೋ ಯಾರು ಬಲ್ಲರು. ಪ್ರತಿ ಸಲ ಹೆಡ್ ಸವೆಸಿದಾಗ ಮಿಶ್ರಣ ಉರಿಯುವ ಛೇಂಬರ್ ಕಿರಿದಾಗುತ್ತದೆ, ಪ್ರತಿ ಸಲ ಬೋರ್ ಹೆಚ್ಚಿಸಿದಾಗ ಸಿಲಿಂಡರ್ ಹಿರಿದಾಗುತ್ತದೆ. ಎರಡರಿಂದಲೂ ಕಂಪ್ರೆಶನ್ ಏರುತ್ತದೆ. ಶಾಪಿನವರು ಛೇಂಬರಿಗೆ ಬ್ಯೂರೆಟ್‌ನಿಂದ ಸೀಮೆಎಣ್ಣೆ ಬಿಟ್ಟು ಅಳೆದು ಲೆಕ್ಕ ಹಾಕಿದಾಗ ಬಂದದ್ದು ಹೆಚ್ಚುಕಡಿಮೆ 9.4:1. ಚನ್ನಮ್ಮ ವೃತ್ತ ದಾಟಿ ಮೂರನೇ ಗೇರಿನಲ್ಲಿ ಎಕ್ಸಲೇಟರ್ ಒತ್ತಿದರೆ ಎಂಜಿನ್ ಯಾಕೆ ಟಣಟಣ ನಾಕ್ ಆಗುತ್ತಿತ್ತು, ಅಂದರೆ ಮಿಶ್ರಣ ಯಾಕೆ ತಾನಾಗಿ ಸಿಡಿಯುತ್ತಿತ್ತು ಅನ್ನುವುದಕ್ಕೆ ಅಲ್ಲಿ ಉತ್ತರ ಸಿಕ್ಕಿತು.

ಶಾಪಿನ ಹಿರಿಯ ಮಿಸ್ತ್ರಿಗೆ ಕಂಪ್ರೆಶನ್ ಇಳಿಸುವುದು ಮನಸ್ಸಿಗೆ ಬರಲಿಲ್ಲ. "ಸಾಹೇಬ್ರ, ಇಳಿಸಿದ್ರ ಪಿಕಪ್ ಹೋಗತೈತ್ರಿ. ಟೈಮಿಂಗ್ ಹಿಂದ ಸರಿಸಿ ಓಡಿಸ್ರಿ" ಅಂದರು. ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರುವ ಹೊತ್ತು, ಹಿಂದೆ ಸರಿಸಿದರೆ ನಾಕಿಂಗ್ ನಿಲ್ಲುತ್ತದೆ, ನಿಜ. ಆದರೆ ಕಿಡಿ ತಡವಾದರೆ ಉರಿ ಎಕ್ಸಾಸ್ಟಿಗೆ ಹೋಗುತ್ತದೆ, ವಾಲ್ವ್ ಕಾಯುತ್ತದೆ, ರೇಡಿಯೇಟರ್ ಕುದಿಯುತ್ತದೆ, ಅವರು ಉಳಿಸಲು ಹೊರಟ ಪಿಕಪ್ಪೂ ಹೋಗುತ್ತದೆ. ನಾನು ಎಂಜಿಯವರದೇ ಹಳೆಯ ಗಾಡಿ ಎಂಜಿಎ ಟ್ವಿನ್ ಕ್ಯಾಮ್‌ನ ಕತೆ ಹೇಳಿದೆ. 1958ರಲ್ಲಿ ಎಂಜಿಯವರೇ 9.9:1 ಕಂಪ್ರೆಶನ್ ಇಟ್ಟು 108 ಎಚ್‌ಪಿಯ ಆ ಎಂಜಿನ್ ಬಿಟ್ಟಿದ್ದರು. ರಸ್ತೆಗಿಳಿದ ಮೇಲೆ ಪಿಸ್ಟನ್‌ಗಳು ತೂತು ಬೀಳತೊಡಗಿದವು. ಕೊನೆಗೆ 8.3ಕ್ಕೆ ಇಳಿಸಿದರು. ಅಷ್ಟರಲ್ಲಿ ಹೆಸರು ಕೆಟ್ಟಿತ್ತು, 1960ರಲ್ಲಿ ಗಾಡಿಯೇ ನಿಂತುಹೋಯಿತು, ಒಟ್ಟು ತಯಾರಾದದ್ದು 2111. ಮಿಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಎಂಟೂವರೆಕ್ಕ ಕಟ್ಟೂಣ್ರಿ" ಅಂದರು.

ಎಂಟೂವರೆಗೆ ಅವರು ತಂದ ರೀತಿಯೇ ಈ ಕೆಲಸದ ಜೀವಾಳ. ದಪ್ಪ ಗ್ಯಾಸ್ಕೆಟ್ ಹಾಕಿ ಕಂಪ್ರೆಶನ್ ಇಳಿಸುವುದು ಎಲ್ಲ ಕಡೆಯೂ ನಡೆಯುವ ಅಗ್ಗದ ದಾರಿ. ಅದರಿಂದ ಪಿಸ್ಟನ್ನಿಗೂ ಹೆಡ್ಡಿನ ಚಪ್ಪಟೆ ಭಾಗಕ್ಕೂ ನಡುವಿನ ಸಂದು ಹೆಚ್ಚಾಗುತ್ತದೆ. ಆ ಸಂದು ಕಿರಿದಾಗಿದ್ದರೆ ಮಿಶ್ರಣ ಅಲ್ಲಿಂದ ಒತ್ತಿ ಚಿಮ್ಮಿ ಪ್ಲಗ್ಗಿನ ಕಡೆ ಕಲಕಿಕೊಳ್ಳುತ್ತದೆ, ಬೇಗ ಉರಿಯುತ್ತದೆ, ನಾಕ್ ಆಗಲು ಸಮಯವೇ ಸಿಗುವುದಿಲ್ಲ. ಸಂದು ಹಿಗ್ಗಿದರೆ ಕಂಪ್ರೆಶನ್ ಇಳಿದರೂ ನಾಕಿಂಗ್ ಉಳಿದುಕೊಳ್ಳಬಹುದು. ನಮ್ಮವರು ಗ್ಯಾಸ್ಕೆಟ್ಟನ್ನು ಮೂಲದಷ್ಟೇ ಇಟ್ಟು, ತಲೆಯ ಗುಳಿ ಹೆಚ್ಚು ಆಳವಿರುವ 30 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು) ಓವರ್‌ಸೈಜ್ ಪಿಸ್ಟನ್ ಹಾಕಿದರು. ಈಗ ಒಂದೊಂದು ಸಿಲಿಂಡರ್ 458 ಸಿಸಿ, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 61 ಸಿಸಿ. ಎರಡನ್ನೂ ಕೂಡಿಸಿ 61ರಿಂದ ಭಾಗಿಸಿದರೆ 8.5. ನಾಲ್ಕೂ ಛೇಂಬರ್ ಒಂದೇ ಅಳತೆಗೆ ಬರುವವರೆಗೆ ಅವರು ಬಿಡಲಿಲ್ಲ.

ಇನ್ನೊಂದು ಸೂಕ್ಷ್ಮ. ಈ ಹೆಡ್ಡಿನ ಛೇಂಬರ್ ಹ್ಯಾರಿ ವೆಸ್ಲೇಕ್ ವಿನ್ಯಾಸದ್ದು, ಆಕಾರ ಹೃದಯದಂತೆ. ಎರಡು ವಾಲ್ವ್‌ಗಳ ನಡುವೆ ಲೋಹದ ಒಂದು ಮೂತಿ ಚಾಚಿಕೊಂಡಿರುತ್ತದೆ. ಅದರ ಅಂಚು ಚೂಪಾಗಿದ್ದರೆ ಕೆಂಪಗೆ ಕಾದು ಕಿಡಿಗೂ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಅದನ್ನು ಕೈಯಲ್ಲೇ ಉಜ್ಜಿ ದುಂಡಗೆ ಮಾಡಿದರು. ಸೀಸವಿಲ್ಲದ ಪೆಟ್ರೋಲಿಗೆ ತಕ್ಕಂತೆ ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟ್ ಕೂರಿಸಿದರು. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಮೂಲದ ಅಳತೆಯದೇ. ರೇಸ್ ಕ್ಯಾಮ್ ಹಾಕಿದ್ದರೆ ಊರೊಳಗೆ ಕಡಿಮೆ ಆರ್‌ಪಿಎಂನಲ್ಲಿ ಎಳೆತವೇ ಇರುತ್ತಿರಲಿಲ್ಲ. ಕ್ರ್ಯಾಂಕ್ ಗ್ರೈಂಡಿಂಗ್, ಬ್ಯಾಲೆನ್ಸಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಫೌಂಡ್ರಿ, ಕ್ರ್ಯಾಂಕ್‌ಶಾಫ್ಟ್ ಬೆಳಗಾವಿಯ ಅನ್ನ. ಆ ಕೆಲಸದಲ್ಲಿ ಇಲ್ಲಿನವರ ಕೈಗೆ ನಾನು ಕಣ್ಣು ಮುಚ್ಚಿ ಒಪ್ಪಿಸುತ್ತೇನೆ.

ದಿನದ ಓಡಾಟಕ್ಕೆ ಬರೋಣ. ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ ಏಪ್ರಿಲ್ ಮಧ್ಯಾಹ್ನ ಕಾಯುತ್ತ ನಿಲ್ಲುವುದಕ್ಕಿಂತ ಕಠಿಣ ಪರೀಕ್ಷೆ ಈ ಗಾಡಿಗೆ ಇಲ್ಲ. ಮೊದಲು ಅಲ್ಲಿ ಟೆಂಪರೇಚರ್ ಮುಳ್ಳು ಕೆಂಪಿನ ಕಡೆ ಓಡುತ್ತಿತ್ತು. ಕೀ ತಿರುಗಿಸಿ ಬಂದ್ ಮಾಡಿದರೂ ಎಂಜಿನ್ ತಾನಾಗಿ ನಾಲ್ಕೈದು ಸುತ್ತು ಗುಡುಗುತ್ತಿತ್ತು. ಈಗ ಅದು ಪೂರ್ತಿ ನಿಂತಿದೆ. ರೇಡಿಯೇಟರ್ ಕೋರ್ ಹೊಸದು, ಎಲೆಕ್ಟ್ರಿಕ್ ಫ್ಯಾನ್ ಒಂದು ಜೋಡಿಸಿದ್ದೇವೆ, ಅವುಗಳ ಪಾಲೂ ಇದೆ. ಕಬ್ಬಿನ ಹಂಗಾಮಿನಲ್ಲಿ ಗೋಕಾಕದ ಕಡೆ ಹೊರಟರೆ ಜೋಡಿ ಟ್ರೇಲರಿನ ಟ್ರ್ಯಾಕ್ಟರ್ ಹಿಂದೆ ಎರಡನೇ ಗೇರಿನಲ್ಲಿ ತೆವಳಬೇಕು, ಸಂದು ಸಿಕ್ಕೊಡನೆ ಒಮ್ಮೆಗೇ ಎಳೆಯಬೇಕು. ಅಲ್ಲಿ ಎಂಜಿನ್ ಉಸಿರುಗಟ್ಟದೆ ಎಳೆಯುತ್ತದೆ. ಹೈವೇಯಲ್ಲಿ ನಿಪ್ಪಾಣಿ ಕಡೆ ತೊಂಬತ್ತರಲ್ಲಿ ಹೋದರೆ ಆರ್‌ಪಿಎಂ 3100ರ ಆಸುಪಾಸು, ಆಯಿಲ್ ಪ್ರೆಶರ್ ಅರವತ್ತು. ಮಿಸ್ತ್ರಿ ಹೆದರಿದ ಪಿಕಪ್? 4500ರ ಮೇಲೆ ಒಂದು ಚೂರು ಹೋಗಿರಬಹುದು. ಆ ಆರ್‌ಪಿಎಂನಲ್ಲಿ ಖಾನಾಪುರ ರಸ್ತೆಯಲ್ಲಿ ಓಡಿಸುವವರು ಯಾರು?

ಚೋರ್ಲಾ ಘಾಟಿನ ಅನುಭವ ಬೇರೆಯೇ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಪಣಜಿಗಿಂತ ಶೇಕಡ ಎಂಟು-ಒಂಬತ್ತರಷ್ಟು ಕಡಿಮೆ, ಸಿಲಿಂಡರಿಗೆ ತುಂಬುವ ಗಾಳಿಯೂ ಅಷ್ಟೇ ಕಡಿಮೆ. ಆದ್ದರಿಂದ ಇಲ್ಲಿ ಕಿವಿಗೊಟ್ಟು ಅಂಚಿಗೆ ತಂದು ನಿಲ್ಲಿಸಿದ ಟೈಮಿಂಗ್ ಜಾಂಬೋಟಿ, ಕಣಕುಂಬಿ ದಾಟಿ ಗೋವಾಕ್ಕಿಳಿದ ಮೇಲೆ ಸರಿಹೋಗುವುದಿಲ್ಲ. ಕೆಳಗೆ ಗಾಳಿ ದಟ್ಟ, ಸೆಕೆಯೂ ಹೆಚ್ಚು, ನಾಕಿಂಗ್ ಶುರು. ಹಳೆಯ ಕಂಪ್ರೆಶನ್ನಿನಲ್ಲಿ ಹೀಗೇ ಆಗುತ್ತಿತ್ತು. 8.5ರಲ್ಲಿ ಒಂದೇ ಟೈಮಿಂಗ್ ಎರಡೂ ಕಡೆ ನಡೆಯುತ್ತಿದೆ. ವಾಪಸು ಘಾಟ್ ಹತ್ತುವಾಗ ಮೂರನೇ ಗೇರಿನಲ್ಲಿ ಶುದ್ಧ ಸದ್ದು ಕೇಳುವುದೇ ಒಂದು ಸುಖ.

ಪೆಟ್ರೋಲಿಗೆ ಈಗ ಶೇಕಡ 20ರಷ್ಟು ಎಥೆನಾಲ್ ಬೆರೆತು ಬರುತ್ತಿದೆ, ಆಕ್ಟೇನ್ 95ಕ್ಕೆ ಏರಿದೆ. ಹಾಗಾದರೆ ಇನ್ನು 8.8, 9 ಇಟ್ಟುಕೊಳ್ಳಬಹುದಲ್ಲ ಎಂದು ಗೆಳೆಯರು ಕೇಳುತ್ತಾರೆ. ಇವತ್ತು ಕಟ್ಟಿಸಿದರೂ ನಾನು 8.5ನ್ನೇ ಆರಿಸುತ್ತೇನೆ. ಎಥೆನಾಲ್ ಬೆರೆತರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಕಾರ್ಬುರೇಟರನ್ನು ಹಾಗೇ ಬಿಟ್ಟರೆ ಮಿಶ್ರಣ ತೆಳುವಾಗುತ್ತದೆ, ತೆಳು ಮಿಶ್ರಣದಿಂದ ಎಂಜಿನ್ ಬಿಸಿಯಾಗುತ್ತದೆ. ನಾವು ಎಸ್‌ಯು ನೀಡಲ್ ಬದಲಿಸಿ ಮಿಶ್ರಣ ದಪ್ಪ ಮಾಡಬೇಕಾಯಿತು. ಹಳೆಯ ರಬ್ಬರ್ ಪೈಪುಗಳನ್ನು ಎಥೆನಾಲ್ ತಿನ್ನುತ್ತದೆ, ಅವನ್ನೆಲ್ಲ ಕಿತ್ತು ತಡೆಯುವ ಗುಣದವನ್ನು ಹಾಕಿಸಿದೆವು. ಎಥೆನಾಲ್ ನೀರು ಹೀರುವುದರಿಂದ ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸಿದರೆ ಟ್ಯಾಂಕಿನ ತಳ ತುಕ್ಕು ಹಿಡಿಯುತ್ತದೆ. ನಮ್ಮ ಜಿಲ್ಲೆಯ ಕಬ್ಬಿನಿಂದಲೂ ತಯಾರಾಗುವ ಇಂಧನವಿದು, ನನಗೆ ದ್ವೇಷವಿಲ್ಲ. ಆದರೆ ಹಳೆಯ ಗಾಡಿಯನ್ನು ಅದಕ್ಕೆ ಒಗ್ಗಿಸಿಯೇ ಓಡಿಸಬೇಕು. ಊರೊಳಗೆ ಲೀಟರಿಗೆ ಎಂಟು ಕಿಲೋಮೀಟರ್ ಸಿಕ್ಕರೆ ಹೆಚ್ಚು.

ಕಳೆದ ಅರ್ಧ ಸ್ಟಾರಿನ ಮಾತು. ಹೇಳಿದ ಸಮಯಕ್ಕಿಂತ ತಿಂಗಳುಗಳು ತಡವಾಯಿತು. ಟೈಮಿಂಗ್ ಕವರಿನ ಸೀಲ್ ಮೊದಲ ಮಳೆಗಾಲದಲ್ಲೇ ಆಯಿಲ್ ಜಿನುಗಿಸಿತು. ಶಾಪಿನವರು ದುಡ್ಡು ತೆಗೆದುಕೊಳ್ಳದೆ ಬದಲಿಸಿಕೊಟ್ಟರು, ಆದರೂ ಅಷ್ಟೆಲ್ಲ ಶ್ರಮದ ನಡುವೆ ಆ ಸೀಲ್ ಬಗ್ಗೆ ಗಮನ ಇರಬೇಕಿತ್ತು. ಖರ್ಚಿನಲ್ಲಿ ಮಷೀನಿಂಗ್ ಕೂಲಿಗಿಂತ ಇಂಗ್ಲೆಂಡಿನಿಂದ ತರಿಸಿದ ಪಿಸ್ಟನ್, ಬೇರಿಂಗುಗಳ ಸಾಗಣೆ ಮತ್ತು ಸುಂಕವೇ ಹೆಚ್ಚು ಭಾರವಾಯಿತು.

ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕುವುದಾದರೆ ಹೆಡ್ ಫೇಸಿಂಗಿಗೆ ಕೊಡುವ ಮೊದಲೇ ಛೇಂಬರ್ ಅಳೆಸಿ, ಅಂಕಿಯನ್ನು ನಿಮ್ಮ ಕೈಯಿಂದಲೇ ಬರೆದಿಟ್ಟುಕೊಳ್ಳಿ. ಪಿಸ್ಟನ್ ಆರ್ಡರ್ ಮಾಡುವುದು ಆಮೇಲೆ. ಆಯಿಲ್ 20ಡಬ್ಲ್ಯು-50, ಜಿಂಕ್ ಇರುವುದನ್ನೇ ಹಾಕಿ, ಇಲ್ಲವಾದರೆ ಕ್ಯಾಮ್ ಮತ್ತು ಟ್ಯಾಪೆಟ್ ಬೇಗ ಸವೆಯುತ್ತವೆ. ಓಡಿಸಲು ಶುರು ಮಾಡಿದ ಸ್ವಲ್ಪ ದಿನಕ್ಕೆ ಹೆಡ್ ನಟ್‌ಗಳನ್ನು ಮತ್ತೆ ಟಾರ್ಕ್ ವ್ರೆಂಚ್ ಹಿಡಿದು ಬಿಗಿಸಿ, ಆ ನಂತರವೇ ಟ್ಯಾಪೆಟ್ 15 ಥೌಗೆ ಹೊಂದಿಸಿ.