ಕೈಯಲ್ಲಿ ಹಿಡಿಯುವ ಸೌರ ದ್ಯುತಿಮಾಪಕ: ಧಾರವಾಡದಲ್ಲಿ ಎರಡು ಬೇಸಿಗೆಯ ಬಳಕೆ

ನಮ್ಮ ಪದವಿ ಕಾಲೇಜಿನ ಭೌತಶಾಸ್ತ್ರ ವಿಭಾಗಕ್ಕೆ ಎರಡು ವರ್ಷಗಳ ಹಿಂದೆ, ಕೈಯಲ್ಲಿ ಹಿಡಿದು ಸೂರ್ಯನತ್ತ ಗುರಿಯಿಟ್ಟು ಬಿಸಿಲಿನ ತೀವ್ರತೆಯನ್ನು ಅಳೆಯುವ ಪುಟ್ಟ ದ್ಯುತಿಮಾಪಕವೊಂದನ್ನು ತರಿಸಿದೆವು. ಬೆಲೆ ಒಂದು ಸಾಧಾರಣ ಸ್ಮಾರ್ಟ್‌ಫೋನಿನಷ್ಟು. ಇದೇ ಮಾದರಿಯನ್ನು ಹಲವರು ತಂತಮ್ಮ ಹೆಸರಿನಲ್ಲಿ ಮಾರುವುದರಿಂದ ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮರುಭೂಮಿಯ ಧೂಳನ್ನು ಹೊಗೆಯಿಂದ ಬೇರೆಯಾಗಿ ಗುರುತಿಸುತ್ತದೆ, ಧೂಳಿನ ಸಂಯೋಜನೆಯನ್ನೂ ತಿಳಿಸುತ್ತದೆ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದೆ. ಮೊದಲನೆಯ ಮಾತು ವರ್ಷದ ಕೆಲವೇ ದಿನಗಳ ಮಟ್ಟಿಗೆ ನಿಜ. ಎರಡನೆಯದಕ್ಕೆ ಆಧಾರವೇ ಇಲ್ಲ.

ಉಪಕರಣದ ಒಳಗಿರುವುದು ಎರಡು ಎಲ್‌ಇಡಿಗಳು. ಬೆಳಕು ಸೂಸುವ ಎಲ್‌ಇಡಿಯನ್ನೇ ತಿರುಗಿಸಿ ಬೆಳಕನ್ನು ಗ್ರಹಿಸಲು ಬಳಸುವ ಈ ಜಾಣತನವನ್ನು ಸೌರ ದ್ಯುತಿಮಾಪಕಗಳಿಗೆ ತಂದವರು ಅಮೆರಿಕದ ಫಾರೆಸ್ಟ್ ಮಿಮ್ಸ್. ಬಣ್ಣಗಳನ್ನು ಸೋಸುವ ದುಬಾರಿ ಗಾಜುಗಳು ಬೇಕಾಗದ ಕಾರಣ ಶಾಲಾ ಕಾಲೇಜುಗಳಿಗೆ ಕೈಗೆಟುಕುವ ಬೆಲೆಯಲ್ಲಿ ಉಪಕರಣ ಸಾಧ್ಯವಾಯಿತು. ನಮ್ಮದು ಹಸಿರಿನಲ್ಲಿ 505 ಮತ್ತು ಕೆಂಪಿನಲ್ಲಿ 625 ನ್ಯಾನೋಮೀಟರ್ ಸುತ್ತಲಿನ ಬೆಳಕನ್ನು ಅಳೆದು, ಗಾಳಿಯಲ್ಲಿ ತೇಲುವ ಕಣಗಳು ಬಿಸಿಲನ್ನು ಎಷ್ಟು ತಡೆದವು ಎಂಬ ಆಪ್ಟಿಕಲ್ ಡೆಪ್ತ್ ಸಂಖ್ಯೆಯನ್ನು ಎರಡೂ ಬಣ್ಣಗಳಿಗೆ ಕೊಡುತ್ತದೆ. ಹೊಗೆಯ ಸೂಕ್ಷ್ಮ ಕಣಗಳು ಹಸಿರನ್ನು ಕೆಂಪಿಗಿಂತ ಸ್ಪಷ್ಟವಾಗಿ ಹೆಚ್ಚು ತಡೆಯುತ್ತವೆ. ಧೂಳಿನ ದಪ್ಪ ಕಣಗಳು ಎರಡನ್ನೂ ಬಹುತೇಕ ಒಂದೇ ಸಮನೆ ತಡೆಯುತ್ತವೆ. ಈ ವ್ಯತ್ಯಾಸವನ್ನು ಹೇಳುವ ಅಂಕಿಗೆ ಆಂಗ್‌ಸ್ಟ್ರಾಮ್ ಘಾತಾಂಕವೆಂದು ಹೆಸರು. ಅದು 0.5ಕ್ಕಿಂತ ಕೆಳಗಿದ್ದರೆ ಧೂಳನ್ನೂ, 1ನ್ನು ಚೆನ್ನಾಗಿ ದಾಟಿದರೆ ಹೊಗೆಯನ್ನೂ ಶಂಕಿಸಬಹುದು.

ಉಪಕರಣದ ಮುಖ್ಯ ದೋಷ ಇಲ್ಲಿಯೇ ಇದೆ, ಮತ್ತು ಅದು ಕೈಪಿಡಿಯಲ್ಲಿ ಇಲ್ಲ. ಎರಡು ಬಣ್ಣಗಳ ನಡುವಿನ ಅಂತರ ತೀರ ಕಡಿಮೆ. 625ನ್ನು 505ರಿಂದ ಭಾಗಿಸಿ ನೈಸರ್ಗಿಕ ಲಾಗರಿದಮ್ ತೆಗೆದರೆ ಬರುವುದು 0.21 ಮಾತ್ರ, ಘಾತಾಂಕದ ಲೆಕ್ಕದಲ್ಲಿ ಭಾಜಕವಾಗುವುದು ಇದೇ. ಆಪ್ಟಿಕಲ್ ಡೆಪ್ತ್ 0.2 ಇರುವ ದಿನ ಪ್ರತಿ ಬಣ್ಣದ ಅಳತೆಯಲ್ಲಿ 0.02ರಷ್ಟು ತಪ್ಪಿದೆಯೆಂದುಕೊಂಡು ಲೆಕ್ಕ ಹಾಕಿದರೆ ಘಾತಾಂಕದಲ್ಲಿ ಸುಮಾರು 0.66ರ ಅನಿಶ್ಚಿತತೆ ಬರುತ್ತದೆ, ಎಂದರೆ ಧೂಳೋ ಹೊಗೆಯೋ ಎಂಬ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ಬಾನು ಮಬ್ಬಾಗಿ ಆಪ್ಟಿಕಲ್ ಡೆಪ್ತ್ 0.5 ತಲುಪಿದ ದಿನ ಅದೇ ಅನಿಶ್ಚಿತತೆ 0.27ಕ್ಕೆ ಇಳಿಯುತ್ತದೆ, ಆಗ ಓದಿಗೆ ಅರ್ಥವಿದೆ. ಕೆಂಪು ಎಲ್‌ಇಡಿಯ ಬದಲು 870ರ ಅವಕೆಂಪನ್ನೂ ಹಸಿರಿನ ಬದಲು 440ರ ನೀಲಿಯನ್ನೂ ಆಯ್ದುಕೊಂಡಿದ್ದರೆ ಮೊದಲಿನ ದಿನವೂ ತಪ್ಪು 0.21ರ ಒಳಗೇ ಉಳಿಯುತ್ತಿತ್ತು. ಬಹು ಎತ್ತರದಲ್ಲಿ ಹಿಮಹರಳುಗಳಿಂದಾಗುವ ತೆಳುವಾದ ಸಿರಸ್ ಮೋಡವೂ ಧೂಳಿನಂತೆಯೇ ಓದು ಕೊಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಕಲಿಯಲು ನಮಗೆ ಒಂದು ಇಡೀ ಏಪ್ರಿಲ್ ಬೇಕಾಯಿತು.

ಗಾಳಿಯ ಅಣುಗಳೇ ಚದುರಿಸುವ ಬೆಳಕನ್ನು ಕಳೆಯಲು ಜೊತೆಗೆ ಬಂದ ಆ್ಯಪ್ ಸಮುದ್ರಮಟ್ಟದ ಒತ್ತಡವನ್ನು ಹಿಡಿಯುತ್ತದೆ. ಧಾರವಾಡ ಸುಮಾರು 750 ಮೀಟರ್ ಎತ್ತರದಲ್ಲಿದ್ದು, ಇಲ್ಲಿಯ ಒತ್ತಡ ಅದಕ್ಕಿಂತ ಎಂಟು ಪ್ರತಿಶತಕ್ಕೂ ಮೀರಿ ಕಡಿಮೆ. ಪರಿಣಾಮವಾಗಿ ಹಸಿರಿನ ಓದು 0.012ರಷ್ಟು, ಕೆಂಪಿನದು 0.005ರಷ್ಟು ಕೆಳಗಿಳಿಯುತ್ತದೆ, ಮತ್ತು ಈ ಅಸಮ ಇಳಿಕೆಯಿಂದ ನಮ್ಮ ಊರಿನ ಗಾಳಿ ಇರುವುದಕ್ಕಿಂತ ಹೆಚ್ಚು ಧೂಳಿನದಾಗಿ ಕಾಣುತ್ತದೆ! ಒತ್ತಡವನ್ನು ಕೈಯಿಂದ ತುಂಬಬಹುದು. ಆದರೆ ಹವಾಮಾನದ ಸುದ್ದಿಯಲ್ಲಿ ಬರುವ ಅಂಕಿ ಸಮುದ್ರಮಟ್ಟಕ್ಕೆ ಹೊಂದಿಸಿದ್ದು, ಅದನ್ನು ತುಂಬಿದರೆ ತಪ್ಪು ಹಾಗೆಯೇ ಉಳಿಯುತ್ತದೆ.

ಉಪಕರಣದ ಓದನ್ನು ಸರಿಹೊಂದಿಸುವ ಸ್ಥಿರಾಂಕಗಳಿರುವ ಅಂಶಾಂಕನ (ಕ್ಯಾಲಿಬ್ರೇಶನ್) ಪತ್ರವನ್ನು ಕಂಪನಿ ಕೊಟ್ಟಿತ್ತು, ದಿನಾಂಕವಿರಲಿಲ್ಲ. ಸ್ಥಿರಾಂಕದಲ್ಲಿ ಒಂದು ಪ್ರತಿಶತ ತಪ್ಪಾದರೂ ನೆತ್ತಿಯ ಸೂರ್ಯನಿಗೆ 0.01ರ ತಪ್ಪು ಬರುವುದರಿಂದ, ಜನವರಿಯ ಒಂದು ಬೆಳಿಗ್ಗೆ ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಹೋಗಿ, ಸೂರ್ಯ 12 ಡಿಗ್ರಿಯಿಂದ 30 ಡಿಗ್ರಿಗೆ ಏರುವ ಒಂದೂವರೆ ಗಂಟೆ ಓದುಗಳನ್ನು ತೆಗೆದು, ಬಿಸಿಲು ದಾಟಿಬಂದ ಗಾಳಿಯ ದಪ್ಪಕ್ಕೆ ಎದುರಾಗಿ ಓದಿನ ಲಾಗರಿದಮ್ ಗುರುತಿಸಿ ಸ್ಥಿರಾಂಕವನ್ನು ಕಂಡುಕೊಳ್ಳುವ ಲ್ಯಾಂಗ್ಲಿ ರೇಖೆ ಎಳೆದೆವು. ಕೆಂಪಿನ ಬಿಂದುಗಳು ನೇರ ಗೆರೆಯ ಮೇಲೆ ಕುಳಿತವು, ಹಸಿರಿನವು ಬಾಗಿದವು. ಬಿಸಿಲೇರಿದಂತೆ ಉಪಕರಣ ಬಿಸಿಯಾಗಿ ಎಲ್‌ಇಡಿಯ ಸ್ಪಂದನ ಬದಲಾಗುತ್ತಿದ್ದುದು ಕಾರಣವೆಂದು ತೋರಿತು. ಒಣಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಟ್ಟು, ಓದುವಾಗ ಮಾತ್ರ ಹೊರಗೆ ತೆಗೆಯುವ ರೂಢಿ ಅಂದಿನಿಂದ ಬಂತು. ಹುಬ್ಬಳ್ಳಿಯ ಮೇ ತಿಂಗಳಲ್ಲಿ ಇದನ್ನು ಮರೆತರೆ ಉಪಕರಣವನ್ನು ಹೊರತೆಗೆಯದಿರುವುದೇ ಲೇಸು.

ಸಂಯೋಜನೆಯ ವಿಷಯಕ್ಕೆ ಬರೋಣ. ಮರುಭೂಮಿಯ ಧೂಳೆಂದರೆ ಸ್ಫಟಿಕ (ಕ್ವಾರ್ಟ್ಸ್), ಜೇಡಿಖನಿಜಗಳು, ಫೆಲ್ಡ್‌ಸ್ಪಾರ್, ಕ್ಯಾಲ್ಸೈಟ್, ಮತ್ತು ಪ್ರಮಾಣದಲ್ಲಿ ಅಲ್ಪವಾದರೂ ನೀಲಿ ಬೆಳಕನ್ನು ಹೀರುವ ಹೆಮಟೈಟ್ ಹಾಗೂ ಗೋಥೈಟ್. ಕಬ್ಬಿಣದ ಈ ಆಕ್ಸೈಡುಗಳ ಸುಳಿವು ಸಿಗುವುದು ನೀಲಿಯಲ್ಲಿ. ನಮ್ಮ ಉಪಕರಣ ನೀಲಿಯನ್ನು ನೋಡುವುದೇ ಇಲ್ಲ. ನೇರ ಬಿಸಿಲನ್ನಷ್ಟೇ ಅಳೆದು ಹೀರಿದ್ದೆಷ್ಟು, ಚದುರಿಸಿದ್ದೆಷ್ಟು ಎಂದು ಬೇರ್ಪಡಿಸುವುದೂ ಅಸಾಧ್ಯ. ಅದಕ್ಕೆ ಸೂರ್ಯನ ಸುತ್ತಲಿನ ಬಾನಿನ ಹೊಳಪನ್ನೂ ಅಳೆಯಬೇಕು. ಖನಿಜಗಳನ್ನು ಹೆಸರಿಸಲು ಕಣಗಳನ್ನು ಸೋಸುಕಾಗದದ ಮೇಲೆ ಹಿಡಿದು ಕ್ಷ-ಕಿರಣ ವಿವರ್ತನೆಗೆ ಒಡ್ಡಬೇಕು, ಅದರಲ್ಲೂ ಸಿಲಿಕಾನ್ ಬೇಕಾದವರು ಸ್ಫಟಿಕ ನಾರಿನ ಕಾಗದ ಬಳಸುವಂತಿಲ್ಲ, ಆ ಕಾಗದದಲ್ಲೇ ಸಿಲಿಕಾನ್ ಇದೆ.

ಅಷ್ಟಾದರೂ ನಮ್ಮ ಭಾಗದಲ್ಲಿ ತೊಡಕು ತಪ್ಪದು. ಧಾರವಾಡದ ಪಶ್ಚಿಮಕ್ಕೆ ಕಬ್ಬಿಣ ತುಂಬಿದ ಕೆಂಪು ಮಣ್ಣು, ನವಲಗುಂದದ ಕಡೆಗೆ ಸುಣ್ಣದ ಹರಳುಗಳಿರುವ ಎರೆಮಣ್ಣು. ಅರೇಬಿಯಾದ ಧೂಳಿನ ಗುರುತೆಂದು ಹೇಳುವ ಕ್ಯಾಲ್ಸಿಯಂ ನಮ್ಮ ಎರೆಹೊಲದ ಧೂಳಿನಲ್ಲೂ ಇರುವುದರಿಂದ, ಅದೊಂದನ್ನೇ ನಂಬಿ ದೂರದ ಧೂಳು ಬಂತೆಂದು ಘೋಷಿಸಲಾಗದು.

ದೂರದ ಧೂಳು ಬರುವುದಂತೂ ಕಟ್ಟುಕಥೆಯಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಕಡೆಯಿಂದ ಎದ್ದ ಧೂಳು ಅರಬ್ಬಿ ಸಮುದ್ರದ ಮೇಲಿಂದ ಮುಂಬೈಯ ಬಾನನ್ನು ಮಸುಕಾಗಿಸಿತ್ತು. ಅಂಥ ದಿನಗಳಲ್ಲಿ ನಾವು ಹಲವು ದೇಶಗಳಲ್ಲಿ ಸೌರ ದ್ಯುತಿಮಾಪಕಗಳಿರುವ ನಾಸಾದ ಏರೊನೆಟ್ ಜಾಲದ ಅಂಕಿಗಳನ್ನೂ ತೆಗೆದು ನೋಡುತ್ತೇವೆ. ಅಲ್ಲಿ ಬಳಸುವ, ಫ್ರಾನ್ಸಿನ ಸಿಮೆಲ್ ಕಂಪನಿಯ ಉಪಕರಣಗಳು ಹಲವು ತರಂಗಾಂತರಗಳಲ್ಲಿ ತಾವಾಗಿಯೇ ಅಳೆಯುತ್ತವೆ, ಬಾನಿನ ಹೊಳಪನ್ನೂ ನೋಡುತ್ತವೆ. ಕಾನ್ಪುರದ ಕೇಂದ್ರ 2001ರಿಂದ ಇದೆ, ಅಂಕಿಗಳು ಉಚಿತ. ಇಳಿಸಿಕೊಳ್ಳುವಾಗ 2.0 ಹಂತದ ಅಂಕಿಗಳನ್ನೇ ಆರಿಸಿಕೊಳ್ಳಬೇಕು, ಮೋಡದ ಓದುಗಳನ್ನು ತೆಗೆದು ಅಂತಿಮ ಅಂಶಾಂಕನ ಮುಗಿಸಿದವು ಅವು.

ಪ್ರಯೋಗಾಲಯದಲ್ಲಿ ಕಲಿಸಲು ನಮ್ಮ ಉಪಕರಣಕ್ಕೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಸಂಶೋಧನೆಗೆ ಒಂದು. ಒಂಬತ್ತು ವೋಲ್ಟಿನ ಬ್ಯಾಟರಿ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ಒಡೆದ ಗುರಿಕಿಂಡಿಗೆ ಬದಲಿ ಭಾಗ ಕೇಳಿ ಬರೆದ ಪತ್ರಕ್ಕೆ ಮಾತ್ರ ಏಳು ತಿಂಗಳಾದರೂ ಉತ್ತರ ಬಂದಿಲ್ಲ.