ಮೂಲ ತಯಾರಕರ ವಾರ್ಷಿಕ ನಿರ್ವಹಣೆ: ಕೆಲಸ ಚೊಕ್ಕ, ಕರಾರು ಬಿಗಿಯಾಗಿರಲಿ

ನೌಕಾಪಡೆಯ ಹಡಗುಗಳಿಗೆ ಹೋಗುವ ಎಲೆಕ್ಟ್ರಾನಿಕ್ ಉಪಕರಣಗಳನ್ನು ಪರೀಕ್ಷಿಸುವ ಬೆಂಗಳೂರಿನ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಕಂಪನ ಪರೀಕ್ಷಾ ಯಂತ್ರದ ಹೊಣೆ ನನ್ನದು. ಸೇನಾಪಡೆಗಳ ಉಪಕರಣಗಳಿಗಿರುವ ಜೆಎಸ್‌ಎಸ್ 55555 ಎಂಬ ಪರೀಕ್ಷಾ ಮಾನದಂಡದ ಪ್ರಕಾರ ಕಂಪನ, ಉಪ್ಪುಮಂಜು, ತೇವ ಎಲ್ಲವನ್ನೂ ತಡೆದುಕೊಂಡ ಉಪಕರಣಕ್ಕೆ ಮಾತ್ರ ಇಲ್ಲಿ ಒಪ್ಪಿಗೆ ಸಿಗುತ್ತದೆ. ಯಂತ್ರ ಕೆಟ್ಟರೆ ಸರದಿಯೇ ನಿಲ್ಲುತ್ತದೆ. ಅದರ ನಿರ್ವಹಣೆಯನ್ನು ವರ್ಷಗಳಿಂದ ಮೂಲ ತಯಾರಕ ಕಂಪನಿಗೇ ಸಿಂಗಲ್ ಟೆಂಡರ್‌ನಲ್ಲಿ, ಅಂದರೆ ಬೇರೆ ಯಾರಿಂದಲೂ ದರ ಕೇಳದೆ, ಕೊಡುತ್ತಿದ್ದೇವೆ.

ಕೆಲಸದ ಬಗ್ಗೆ ದೂರಿಲ್ಲ. ಅವರ ಎಂಜಿನಿಯರ್ ಆಂಪ್ಲಿಫೈಯರ್‌ನ ಸದ್ದು ಕೇಳಿಯೇ ಯಾವ ಮಾಡ್ಯೂಲ್ ಸೋತಿದೆ ಎಂದು ಹೇಳಬಲ್ಲರು. ಯಂತ್ರದೊಳಗೆ ಕಂಪಿಸುವ ಭಾಗವಾದ ಆರ್ಮೇಚರ್ ಬಿಚ್ಚಿ ಜೋಡಿಸುವಾಗ ಕೂದಲೆಳೆಯಷ್ಟು ಓರೆಯಾದರೂ ಕಾಯಿಲ್ ಉಜ್ಜುತ್ತದೆ. ಅದನ್ನು ಹೊರಗಿನವರ ಕೈಗೆ ಕೊಡುವ ಧೈರ್ಯ ನನಗೆ ಇಂದಿಗೂ ಇಲ್ಲ.

ಬೇಸರವಿರುವುದು ದರ ಮತ್ತು ಬೀಗದ ವಿಷಯದಲ್ಲಿ. ಬಿಡಿಭಾಗ ಬೇಕೆಂದರೆ, ಸಾಮಾನ್ಯ ಹಣಕಾಸು ನಿಯಮಗಳು 2017ರ 166ನೇ ನಿಯಮದಂತೆ, ಬೇರೆ ಯಾರ ತಯಾರಿಕೆಯೂ ಒಗ್ಗದು ಎಂದು ಕಾರಣ ಸಹಿತ ಪಿಎಸಿ (ಪ್ರೊಪ್ರೈಟರಿ ಆರ್ಟಿಕಲ್ ಸರ್ಟಿಫಿಕೇಟ್) ಎಂಬ ಪ್ರಮಾಣಪತ್ರ ಬರೆದುಕೊಡಬೇಕು. ಬರೆದುಕೊಡುವವರು ನಾವೇ. ಆಮೇಲೆ ಹಣಕಾಸು ವಿಭಾಗ ‘ಈ ದರ ನ್ಯಾಯವೇ?’ ಎಂದು ಕೇಳಿದಾಗ ಹೋಲಿಸಲು ಹಿಂದಿನ ಸಲದ ಬಿಲ್ ಒಂದೇ ಕೈಯಲ್ಲಿರುತ್ತದೆ. ಪ್ರತಿ ನವೀಕರಣಕ್ಕೂ ದರ ಏರಿದೆ, ಏರಿಕೆಯ ವಿವರ ಮಾತ್ರ ಬಂದಿಲ್ಲ. ಕಂಟ್ರೋಲರ್‌ನ ಸರ್ವಿಸ್ ಪಾಸ್‌ವರ್ಡ್ ಕೂಡ ಅವರ ಬಳಿಯೇ ಇದೆ. ನಾವೇ ಮಾಡಬಹುದಾದ ಸಣ್ಣ ಸೆಟ್ಟಿಂಗ್‌ಗೂ ಅವರಿಗೆ ಕರೆ ಮಾಡಿ ಕಾಯಬೇಕು. ಸಾರ್ವಜನಿಕರ ಹಣದಿಂದ ಕೊಂಡ ಯಂತ್ರದ ಕೀಲಿ ಹೀಗೆ ಹೊರಗಿರುವುದು ನನಗೆ ಸರಿಕಾಣುವುದಿಲ್ಲ.

ಒಬ್ಬರೇ ಮೂಲವಾದರೂ ಪೂರ್ತಿ ಅವರ ಕೈಗೊಂಬೆಯಾಗಬೇಕಿಲ್ಲ ಎನ್ನುವುದಕ್ಕೆ ಉದಾಹರಣೆ ನಮ್ಮ ಊರಿನಲ್ಲೇ ಇದೆ. ವಿಕ್ರಾಂತ್ ವಿಮಾನವಾಹಕ ನೌಕೆಯನ್ನು ನಡೆಸುವ ನಾಲ್ಕು ಎಲ್‌ಎಂ2500 ಗ್ಯಾಸ್ ಟರ್ಬೈನ್‌ಗಳು ಅಮೆರಿಕದ ಜಿಇ ಕಂಪನಿಯ ವಿನ್ಯಾಸ. ಅವುಗಳ ಬಿಡಿಭಾಗಗಳನ್ನು ತರಿಸಿ ಜೋಡಿಸಿ ಪರೀಕ್ಷಿಸಿದ್ದು ಬೆಂಗಳೂರಿನ ಎಚ್‌ಎಎಲ್ ವಿಭಾಗ. ಕೈ ಪಳಗಿದ್ದು ಇಲ್ಲಿಯವರದು.

ಈ ಸೇವೆಯನ್ನು ಕೊಳ್ಳುವವರಿಗೆ ನನ್ನ ಮಾತು ಇಷ್ಟೆ: ಧೈರ್ಯವಾಗಿ ಕೊಳ್ಳಿ, ಆದರೆ ಕೇಳಬೇಕಾದುದನ್ನೆಲ್ಲ ಯಂತ್ರ ಖರೀದಿಸುವ ದಿನವೇ ಕೇಳಿ. ಆಗ ಅವರಿಗೆ ಎದುರಾಳಿಗಳಿರುತ್ತಾರೆ. ನಕ್ಷೆ, ಬಿಡಿಭಾಗಗಳ ದರಪಟ್ಟಿ, ನಿಮ್ಮ ತಂತ್ರಜ್ಞರಿಗೆ ತರಬೇತಿ ಎಲ್ಲಕ್ಕೂ ಒಪ್ಪುತ್ತಾರೆ. ಈ ಬಾರಿಯ ನವೀಕರಣದ ಇಂಡೆಂಟ್‌ನಲ್ಲಿ (ಬೇಡಿಕೆ ಪತ್ರದಲ್ಲಿ) ನಾನು ಪಾಸ್‌ವರ್ಡ್ ಹಸ್ತಾಂತರವನ್ನೂ ದರ ಏರಿಕೆಯ ವಿವರವನ್ನೂ ಷರತ್ತಾಗಿ ಸೇರಿಸಿದ್ದೇನೆ. ತರಬೇತಿಗೆ ಅವರು ಈಗಾಗಲೇ ಒಪ್ಪಿದ್ದಾರೆ. ಉಳಿದೆರಡರ ಮಾತುಕತೆ ನಡೆಯುತ್ತಿದೆ.