ನಾಲ್ಕು ನಟ್ಟಿನ ಮಸ್ಟಾಂಗ್: ಅಮೆರಿಕದಿಂದ ಹಳೇ ಕಾರು ತರಿಸೋ ಮುಂಚೆ ಇದನ್ನೊಮ್ಮೆ ಓದಿ

ಮೆಲ್ಬರ್ನ್‌ನ ನಮ್ಮ ಕನ್ನಡ ಬಳಗದಲ್ಲಿ ಹೋದ ತಿಂಗಳು ಇಬ್ಬರು ಬೇರೆ ಬೇರೆಯಾಗಿ ಬಂದು ಒಂದೇ ಮಾತು ಕೇಳಿದರು. "ನೀವು ಅಮೆರಿಕದಿಂದ ಹಳೇ ಫೋರ್ಡ್ ಮಸ್ಟಾಂಗ್ ತರಿಸಿದ್ರಂತಲ್ಲ ಸಾರ್, ಯಾರ ಮೂಲಕ? ನಂಬರ್ ಕೊಡ್ತೀರಾ?" ನಂಬರ್ ಕೊಡಲಿಲ್ಲ. ಮನೆಗೆ ಕರೆದು ಕಾಫಿ ಕೊಟ್ಟು ಗ್ಯಾರೇಜಿನ ಬಾಗಿಲು ಎತ್ತಿ ತೋರಿಸಿದೆ. ಕಾರು ನಾಲ್ಕು ಸ್ಟ್ಯಾಂಡಿನ ಮೇಲೆ, ಚಕ್ರವಿಲ್ಲದೆ, ಡ್ಯಾಶ್‌ಬೋರ್ಡ್ ಬಿಚ್ಚಿಕೊಂಡು ಕೂತಿದೆ. ಎಲ್ಲರಿಗೂ ಹೀಗೆ ಕಾಫಿ ಕೊಟ್ಟು ತೋರಿಸೋಕೆ ಆಗೋದಿಲ್ಲ, ಅದಕ್ಕೇ ಬರೀತಿದೀನಿ.

ಮಾರಿದವನು, ಏಜೆಂಟ್, ಇಲ್ಲಿ ಕೆಲಸ ಮಾಡಿದ ವರ್ಕ್‌ಶಾಪು, ಯಾರ ಹೆಸರನ್ನೂ ಹಾಕಿಲ್ಲ, ಕೇಳಬೇಡಿ. ಅವರ ಮೋಸ ಅರ್ಧ, ನನ್ನ ಅವಸರ ಅರ್ಧ. ಮೊದಲು ಮಾಡಬೇಕಾದ್ದನ್ನೆಲ್ಲ ಕೊನೆಗೆ ಮಾಡಿದೆ, ಕೊನೆಗೆ ಮಾಡಬೇಕಾದ್ದನ್ನ ಮೊದಲು.

ಈ ಹುಚ್ಚು ಹತ್ತಿದ್ದು ಊರಲ್ಲೇ. ಚಿಕ್ಕಮಗಳೂರು ಕಡೆ ನಮ್ಮ ಪಕ್ಕದ ಕಾಫಿ ತೋಟದ ಶೆಡ್ಡಿನಲ್ಲಿ ಡಾಡ್ಜ್ ಅನ್ನೋ ಒಂದು ಹಳೇ ಅಮೆರಿಕನ್ ಕಾರು ನಿಂತಿತ್ತು. ನಾನು ನೋಡೋ ಹೊತ್ತಿಗೆ ಅದರ ಹಿಂದಿನ ಸೀಟಲ್ಲಿ ಕೋಳಿ ಕಾವಿಗೆ ಕೂರುತ್ತಿತ್ತು. ಆದರೂ ಆ ಸ್ಟೀರಿಂಗ್ ಹಿಡಿದು ಬಾಯಲ್ಲಿ ಗೇರ್ ಹಾಕದ ದಿನ ಇಲ್ಲ. ಅಂಥವನಿಗೆ ಐವತ್ತರ ಹತ್ತಿರ ಬಂದಾಗ ಕೈಯಲ್ಲಿ ನಾಲ್ಕು ಕಾಸು ಸೇರಿದರೆ ಏನಾಗಬೇಕೋ ಅದೇ ಆಯಿತು.

2022ರ ಏಪ್ರಿಲ್. 1967ರ ಮಸ್ಟಾಂಗ್, ಕಡುಹಸಿರು ಬಣ್ಣ, ಎರಡು ಬಾಗಿಲಿನ, ಗಟ್ಟಿ ಚಾವಣಿಯ ಹಾರ್ಡ್‌ಟಾಪ್. ಜಾಹೀರಾತಿನಲ್ಲಿ 289 ವಿ8, ಅಂದರೆ 289 ಘನ ಇಂಚಿನ ಎಂಟು ಸಿಲಿಂಡರ್ ಇಂಜಿನ್ ಅಂತ ಇತ್ತು. ಕಾರು ಇದ್ದದ್ದು ಅರಿಜೋನಾದ ಫೀನಿಕ್ಸ್‌ನಲ್ಲಿ. "ಮರುಭೂಮಿ ಕಾರು, ತುಕ್ಕು ಅನ್ನೋದೇ ಗೊತ್ತಿಲ್ಲ" ಅಂದ ಮಾರುವವನು. ಅರವತ್ತು ಫೋಟೋ ಕಳಿಸಿದ. 28,000 ಅಮೆರಿಕನ್ ಡಾಲರ್. ನಾನು ಅವತ್ತೇ ರಾತ್ರಿ ಮುಂಗಡ ಕಳಿಸಿದೆ.

ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ನನ್ನ ಕಾಲೇಜಿನ ಗೆಳೆಯ ಹದಿನೈದು ವರ್ಷದಿಂದ ಇದ್ದಾನೆ. ಆ ಕಾರು ನಿಂತಿದ್ದ ಮನೆಗೆ ಅವನ ಮನೆಯಿಂದ ಅರ್ಧ ಗಂಟೆ ದಾರಿ. ಒಂದು ಭಾನುವಾರ ಹೋಗಿ ನೋಡಿ ಬಾರೋ ಅನ್ನೋಕೆ ನನಗೆ ಸಂಕೋಚ. ಎರಡು ವರ್ಷದಿಂದ ಫೋನೂ ಮಾಡಿಲ್ಲ, ಈಗ ಕೆಲಸ ಇದೆ ಅಂತ ಮಾಡೋದಾ ಅಂತ. ಆ ಸಂಕೋಚದ ಬೆಲೆ ಎಷ್ಟಾಯಿತು ಅಂತ ಹೆಂಡತಿಗೆ ಇನ್ನೂ ಪೂರ್ತಿ ಹೇಳಿಲ್ಲ. ಗೆಳೆಯರು ಬೇಡ ಅನ್ನಿಸಿದರೆ, ದುಡ್ಡು ತಗೊಂಡು ಹಳೇ ಕಾರು ಪರೀಕ್ಷೆ ಮಾಡಿ ವರದಿ ಕೊಡುವವರು ಅಮೆರಿಕದ ಎಲ್ಲ ದೊಡ್ಡ ಊರಲ್ಲೂ ಇದ್ದಾರೆ. ಮಾರುವವನು ಹೇಳಿದವರನ್ನ ಬಿಟ್ಟು, ನೀವೇ ಹುಡುಕಿ ನೀವೇ ದುಡ್ಡು ಕೊಟ್ಟು ಕಳಿಸಿ.

ಫೋನಲ್ಲಿ ವಿಷಯ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು. "ಎಮ್ಮೆ ಕೊಳ್ಳೋಕೂ ಬಾಯಿ ತೆರೆದು ಹಲ್ಲು ನೋಡ್ತೀವಲ್ಲೋ. ನೀನು ಫೋಟೋ ನೋಡಿ ಕೊಂಡ್ಯಾ?"

ಈಗ ಹಲ್ಲಿನ ವಿಷಯಕ್ಕೇ ಬರ್ತೀನಿ. ಆ ಕಾಲದ ಮಸ್ಟಾಂಗ್‌ನ ಚಾಸಿ ನಂಬರ್ ಅಂದರೆ ಅದರ ಜಾತಕ. ನನ್ನದು 7R01T ಅಂತ ಶುರುವಾಗುತ್ತೆ. 7 ಅಂದರೆ 1967. ಆರ್ ಅಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಾರ್ಖಾನೆ. 01 ಅಂದರೆ ಹಾರ್ಡ್‌ಟಾಪ್. ಐದನೆಯ ಅಕ್ಷರ ಇಂಜಿನ್ನಿನದು. ಸಿ ಅಥವಾ ಎ ಇದ್ದರೆ 289 ವಿ8. ಟಿ ಇದ್ದರೆ 200 ಘನ ಇಂಚಿನ ಆರು ಸಿಲಿಂಡರ್. ಅಂದರೆ ನನ್ನ ಕಾರು ಹುಟ್ಟಿದ್ದು ಆರು ಸಿಲಿಂಡರ್ ಆಗಿ, ಯಾರೋ ಆಮೇಲೆ ಅದರ ಹೊಟ್ಟೆಗೆ ವಿ8 ತುರುಕಿದ್ದಾರೆ. ಈ ನಂಬರ್ ನನ್ನಿಂದ ಯಾರೂ ಮುಚ್ಚಿಟ್ಟಿರಲಿಲ್ಲ. ಮೊದಲ ದಿನ ಬಂದ ಕಾಗದದಲ್ಲೇ ಇತ್ತು. ಆಮದು ಅರ್ಜಿಗೆ ಅದನ್ನ ನನ್ನ ಕೈಯಾರೆ ಟೈಪ್ ಮಾಡಿದ್ದೇನೆ.

ಅದಕ್ಕಿಂತ ಹೊಟ್ಟೆ ಉರಿಸೋದು ಇನ್ನೊಂದಿದೆ. ಆರು ಸಿಲಿಂಡರ್ ಕಾರಿನ ಚಕ್ರಕ್ಕೆ ಫೋರ್ಡ್ ಕೊಡುತ್ತಿದ್ದದ್ದು ನಾಲ್ಕು ನಟ್ಟು, ವಿ8ಗೆ ಐದು. ಇಂಜಿನ್ ಬದಲಾಯಿಸಿದವನು ಕೆಳಗಿನದ್ದನ್ನ ಮುಟ್ಟಿರಲಿಲ್ಲ. ಹಿಂದಿನ ಆಕ್ಸಲ್ ಹಳೆಯದೇ, ಬ್ರೇಕ್ ನಾಲ್ಕೂ ಕಡೆ ಸಣ್ಣ ಡ್ರಮ್ಮೇ. ಪಕ್ಕದಿಂದ ತೆಗೆದ ಪ್ರತಿ ಫೋಟೋದಲ್ಲೂ ಹೊಳೆಯುವ ಚಕ್ರದ ಮೇಲೆ ನಾಲ್ಕೇ ನಾಲ್ಕು ನಟ್ಟು ಕಾಣುತ್ತೆ. ಅದರಲ್ಲೊಂದು ಫೋಟೋ ಐದು ತಿಂಗಳು ನನ್ನ ಫೋನಿನ ವಾಲ್‌ಪೇಪರ್ ಆಗಿತ್ತು.

ಐದು ತಿಂಗಳು ಯಾಕೆ ಅಂದರೆ ಟೈಟಲ್. ಅಮೆರಿಕದಲ್ಲಿ ಕಾರಿನ ಮಾಲೀಕತ್ವದ ಪತ್ರಕ್ಕೆ ಟೈಟಲ್ ಅಂತಾರೆ. ಮಾರಿದವನು ಅದನ್ನ ತನ್ನ ಹೆಸರಿಗೇ ಮಾಡಿಸಿಕೊಂಡಿರಲಿಲ್ಲ, ಅವನಿಗೆ ಮಾರಿದವರ ಹೆಸರಲ್ಲೇ ಇತ್ತು. ಹಡಗಿಗೆ ಹಾಕುವ 72 ಗಂಟೆ ಮುಂಚೆಯಾದರೂ ಟೈಟಲ್ ಮತ್ತು ಕಾರು ಎರಡನ್ನೂ ಅಲ್ಲಿನ ಕಸ್ಟಮ್ಸ್ ಮುಂದೆ ಇಡಬೇಕು. ಪತ್ರ ಸರಿ ಇಲ್ಲದೆ ಕಾರು ದೇಶ ಬಿಡೋ ಹಾಗಿಲ್ಲ. ಪತ್ರ ಸರಿಹೋಗೋ ಹೊತ್ತಿಗೆ ಸೆಪ್ಟೆಂಬರ್ ಬಂತು. ಅಷ್ಟರಲ್ಲಿ ಏಪ್ರಿಲ್ ಮೊದಲಲ್ಲಿ 75 ಅಮೆರಿಕನ್ ಸೆಂಟ್ ಬಾಳುತ್ತಿದ್ದ ಆಸ್ಟ್ರೇಲಿಯನ್ ಡಾಲರ್ 65ರ ಹತ್ತಿರ ಇಳಿದಿತ್ತು. ಮಾರಿದವನು ಒಂದು ಡಾಲರೂ ಜಾಸ್ತಿ ಕೇಳದೆ, ಬಾಕಿ ಕೊಡೋ ಹೊತ್ತಿಗೆ ಕಾರಿನ ಬೆಲೆ ಏರಿತು.

ಸೆಪ್ಟೆಂಬರ್ ಅಂದರೆ ಇನ್ನೊಂದು ತಲೆನೋವು. ಸ್ಟಿಂಕ್ ಬಗ್ ಅಂತ ತಿಗಣೆ ಜಾತಿಯ ಒಂದು ಗಬ್ಬು ಹುಳು ಇದೆ. ಅದು ಚಳಿಗಾಲಕ್ಕೆ ಕಾರು, ಯಂತ್ರಗಳ ಸಂದಿಯಲ್ಲಿ ಅಡಗಿ ದೇಶ ದಾಟುತ್ತೆ, ಇಲ್ಲಿಗೆ ಬಂದರೆ ಹಣ್ಣಿನ ತೋಟ ಹಾಳು. ಹಾಗಾಗಿ ಸೆಪ್ಟೆಂಬರ್ 1ರಿಂದ ಏಪ್ರಿಲ್ 30ರ ಒಳಗೆ ಅಮೆರಿಕದಿಂದ ಹಡಗು ಹತ್ತುವ ಕಾರಿಗೆ ಬಿಸಿ ಕೊಟ್ಟೋ ಗ್ಯಾಸ್ ಹಾಕಿಯೋ ಚಿಕಿತ್ಸೆ ಆಗಲೇಬೇಕು. ಆಗಸ್ಟಿನಲ್ಲಿ ಹೊರಟಿದ್ದರೆ ಆ ಖರ್ಚೇ ಇರಲಿಲ್ಲ.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆ. ಹಡಗು ಹತ್ತಿಸುವ ಮುಂಚೆಯೇ ಆಸ್ಟ್ರೇಲಿಯಾ ಕೇಂದ್ರ ಸರ್ಕಾರದ ರೋವರ್ ಪೋರ್ಟಲ್‌ನಲ್ಲಿ ಆಮದು ಅನುಮತಿ ತಗೊಂಡೆ. ಕಾರಿಗೆ 25 ವರ್ಷ ದಾಟಿದ್ದರೆ ಅದು ಕಷ್ಟವೂ ಅಲ್ಲ. ಏಜೆಂಟ್ ಮಾಡ್ತಾನೆ ಬಿಡಿ ಅಂತ ಬಿಟ್ಟವರ ಕಾರು ಬಂದರಿನಲ್ಲೇ ಕೂತ ಕತೆ ಕೇಳಿದ್ದೆ, ಅದಕ್ಕೇ ಹೆದರಿ ಮಾಡಿದ್ದು. ಇನ್ನು ಜಿಎಸ್‌ಟಿ 10%, ಅದು ಬರೀ ಕಾರಿನ ಬೆಲೆಯ ಮೇಲಲ್ಲ, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿಸಿ. ಲೆಕ್ಕ ಹಾಕುವಾಗ ಮರೆಯಬೇಡಿ.

ಆಮೇಲೆ ಆಸ್ಬೆಸ್ಟಾಸ್, ಉಸಿರಲ್ಲಿ ಒಳಗೆ ಹೋದರೆ ಕ್ಯಾನ್ಸರ್ ತರುವ ಆ ನಾರು. ಆಸ್ಟ್ರೇಲಿಯಾದಲ್ಲಿ 2003ರ ಡಿಸೆಂಬರ್ 31ರಿಂದ ಅದಕ್ಕೆ ಪೂರ್ತಿ ನಿಷೇಧ. ಹೊರಗಿಂದ ಒಂದು ಚೂರು ಬಂದರೂ ಗಡಿ ಪಡೆಯವರು ತಡೆಯುತ್ತಾರೆ. ಅರವತ್ತರ ದಶಕದ ಕಾರಿನಲ್ಲಿ ಬ್ರೇಕ್ ಲೈನರ್, ಕ್ಲಚ್ ಪ್ಲೇಟ್, ಸೈಲೆನ್ಸರ್ ಕಡೆಯ ಗ್ಯಾಸ್ಕೆಟ್ ಎಲ್ಲಿ ಬೇಕಾದರೂ ಅದು ಇರಬಹುದು. ಮಾರಿದವನು ಇಮೇಲಲ್ಲಿ ಬರೆದಿದ್ದ: "ಬ್ರೇಕ್ ಎಲ್ಲ ಹೊಸದು, ಆಸ್ಬೆಸ್ಟಾಸ್ ಇಲ್ಲ." ಹೊಸದು ಅನ್ನೋದು ಇಲ್ಲಿ ಉತ್ತರವೇ ಅಲ್ಲ. ಅಮೆರಿಕದಲ್ಲಿ ಕ್ರೈಸೊಟೈಲ್ ಅನ್ನೋ ಜಾತಿಯ ಆಸ್ಬೆಸ್ಟಾಸ್ ನಿಷೇಧಿಸುವ ನಿಯಮ ಬಂದದ್ದೇ 2024ರಲ್ಲಿ. ನನ್ನ ಕಾರನ್ನ ತಡೆದರು, ಮಾದರಿ ತೆಗೆಯೋಕೆ ತಜ್ಞರು ಬಂದರು, ಹಿಂದಿನ ಬ್ರೇಕ್ ಲೈನರ್‌ನಲ್ಲಿ ಸಿಕ್ಕಿತು. ತೆಗೆಸಿದ ಖರ್ಚು ನನ್ನದು, ಲ್ಯಾಬಿನ ಖರ್ಚು ನನ್ನದು, ಅಷ್ಟು ದಿನ ಗೋದಾಮಿನ ಬಾಡಿಗೆ ದಿನದ ಲೆಕ್ಕದಲ್ಲಿ ನನ್ನದೇ. ಗ್ಯಾಸ್ಕೆಟ್‌ನಲ್ಲಿ ಏನೂ ಇರಲಿಲ್ಲ, ಆದರೆ ಮಾದರಿ ತೆಗೆಯೋಕೆ ಅದನ್ನ ಕಿತ್ತಾಗಿತ್ತು. ನವೆಂಬರ್‌ನಲ್ಲಿ ಬಂದ ಕಾರು ಕೈಗೆ ಸಿಕ್ಕಿದ್ದು ಜನವರಿಯಲ್ಲಿ. ಹಡಗಿಗೆ ಹಾಕುವ ಮುಂಚೆಯೇ ಅಲ್ಲಿಯೇ ಲೈನರ್, ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ, ಇದ್ದರೆ ಬದಲಾಯಿಸಿ, ಮಾನ್ಯತೆ ಇರುವ ಲ್ಯಾಬಿನ ವರದಿ ಕೈಯಲ್ಲಿ ಹಿಡಿದುಕೊಂಡೇ ಹೊರಡಿಸಿ.

ಇಷ್ಟಾದರೂ ಕಾರು ಎದುರಿಗೆ ಬಂದು ನಿಂತಾಗ ಎಲ್ಲ ಮರೆತುಹೋಯಿತು ಅಂತ ಹೇಳದಿದ್ದರೆ ಸುಳ್ಳಾಗುತ್ತೆ. ಸ್ಟಾರ್ಟ್ ಮಾಡಿದಾಗ ಪಕ್ಕದ ಮನೆಯ ಗ್ರೀಕ್ ಅಜ್ಜ ಚಪ್ಪಲಿಯಲ್ಲೇ ಓಡಿ ಬಂದ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಇಷ್ಟು ಹಳೆಯ ಕಾರಿಗೆ ಇಲ್ಲಿ ಎಡಗಡೆ ಸ್ಟೀರಿಂಗ್ ಇದ್ದರೂ ನಡೆಯುತ್ತೆ. ಹಳೇ ಕಾರಿನ ಕ್ಲಬ್ ಸೇರಿದವರಿಗೆ ಕ್ಲಬ್ ಪರ್ಮಿಟ್ ಅಂತ ಇದೆ, ವರ್ಷಕ್ಕೆ 45 ಅಥವಾ 90 ದಿನ, ಓಡಿಸಿದ ದಿನ ಪುಸ್ತಕದಲ್ಲಿ ಬರೆದರೆ ಆಯಿತು. ಭಾನುವಾರದ ಕಾರಿಗೆ ಅಷ್ಟು ಸಾಕಲ್ಲ. ಆದರೆ ಮನೆಯಲ್ಲಿ, "ಪಾರ್ಕಿಂಗ್ ಗೇಟಲ್ಲಿ ಟಿಕೆಟ್ ತಗೊಳ್ಳೋಕೆ ಪ್ರತಿ ಸಲ ನಾನೇ ಕೈ ಚಾಚಬೇಕಾ?" ಅನ್ನೋ ಪ್ರಶ್ನೆ ಬಂತು. ನನಗೂ ಮುಂದಿನ ಲಾರಿ ದಾಟೋಕೆ ಭಯ. ಸ್ಟೀರಿಂಗ್ ಬಲಕ್ಕೆ ಮಾಡಿಸೋಣ ಅಂದುಕೊಂಡೆ. ಆಗದ ಕೆಲಸವೇನೂ ಅಲ್ಲ, 1960ರ ದಶಕದಲ್ಲಿ ಫೋರ್ಡ್ ಆಸ್ಟ್ರೇಲಿಯಾವೇ ಸುಮಾರು ಇನ್ನೂರು ಮಸ್ಟಾಂಗ್‌ಗಳನ್ನ ಸಿಡ್ನಿಯ ಹೋಮ್‌ಬುಷ್‌ನಲ್ಲಿ ಹೀಗೆ ಬದಲಾಯಿಸಿ ಮಾರಿತ್ತು. ಒಂದು ವರ್ಕ್‌ಶಾಪ್ 22,000 ಡಾಲರ್, ಮೂರು ತಿಂಗಳು ಅಂದಿತು. ಹಿಡಿದದ್ದು ಹದಿನಾಲ್ಕು ತಿಂಗಳು. "ಇಂಜಿನಿಯರ್ ಸರ್ಟಿಫಿಕೇಟ್?" ಅಂತ ಕೇಳಿದ್ದಕ್ಕೆ, "ಮುಗಿದ ಮೇಲೆ ಮಾಡಿಸಿದರಾಯ್ತು" ಅಂದರು. ನಾನು ತಲೆಯಾಡಿಸಿದೆ.

ಮುಗಿದ ಮೇಲೆ ತಾತ್ಕಾಲಿಕ ಪರ್ಮಿಟ್ ತಗೊಂಡು, ಒಂದು ಬೆಳಿಗ್ಗೆ ಇಂಜಿನಿಯರ್ ಹತ್ತಿರ ನಾನೇ ಓಡಿಸಿಕೊಂಡು ಹೊರಟೆ. ಹತ್ತು ನಿಮಿಷಕ್ಕೆ ಮೆಲ್ಬರ್ನ್ ಮಳೆ ಶುರು. ವೈಪರ್ ಹಾಕಿದೆ. ಸ್ಟೀರಿಂಗ್ ಬಲಕ್ಕೆ ಬಂದಿದೆ, ವೈಪರ್ ಮಾತ್ರ ಅಮೆರಿಕದಲ್ಲೇ ಇದೆ! ಎಡಗಡೆ ಖಾಲಿ ಸೀಟಿನ ಮುಂದೆ ಗಾಜು ಫಳಫಳ, ನನ್ನ ಮುಂದಿನ ಮೂಲೆಯಲ್ಲಿ ನೀರು ಹಾಗೇ ನಿಂತಿದೆ. ಕತ್ತು ಎಡಕ್ಕೆ ವಾಲಿಸಿಕೊಂಡು ಓಡಿಸುತ್ತಿದ್ದಾಗ ಬಲಗಾಲಿನ ಮೇಲೆ ತಣ್ಣಗೆ ಏನೋ ತೊಟ್ಟಿಕ್ಕಿತು. ನೋಡಿದರೆ ಡ್ಯಾಶ್‌ಬೋರ್ಡ್ ಕೆಳಗಿಂದ ನೀರು. ಇಂಜಿನಿಯರ್ ಶೆಡ್ ತಲುಪೋ ಹೊತ್ತಿಗೆ ಶೂ ಒಳಗೆ ಪಚಪಚ.

ಆ ಮನುಷ್ಯ ಮೊದಲು ನೋಡಿದ್ದು ಚಕ್ರ. "ನಾಲ್ಕು ನಟ್ಟು," ಅಂದು ನನ್ನ ಮುಖ ನೋಡಿದ. ಟಿ ಅಕ್ಷರದ ಪಾಠ ನನಗೆ ಆಗಿದ್ದು ಅವತ್ತೇ. ಕಾರು ಮೇಲೆತ್ತಿ ಟಾರ್ಚ್ ಹಿಡಿದು ಸ್ಟೀರಿಂಗ್ ಲಿಂಕೇಜ್, ಅಂದರೆ ಸ್ಟೀರಿಂಗನ್ನ ಮುಂದಿನ ಚಕ್ರಕ್ಕೆ ಸೇರಿಸುವ ಸರಳುಗಳನ್ನ ತೋರಿಸಿದ. ಒಂದು ಕಡೆ ಕತ್ತರಿಸಿ, ಕಾಯಿಸಿ ಬಗ್ಗಿಸಿ, ವೆಲ್ಡ್ ಮಾಡಿ, ಮೇಲೆ ನೀಟಾಗಿ ಕಪ್ಪು ಬಣ್ಣ ಬಳಿದಿದ್ದರು. "ಇದು ನೂರು ಕಿಲೋಮೀಟರ್ ವೇಗದಲ್ಲಿ ಮುರಿದರೆ ನಿಮ್ಮ ಕೈಯಲ್ಲಿ ಬರೀ ಸ್ಟೀರಿಂಗ್ ಚಕ್ರ ಇರುತ್ತೆ. ನಾನು ಸಹಿ ಹಾಕೋದಿಲ್ಲ." ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಇಂಥ ದೊಡ್ಡ ಬದಲಾವಣೆಗೆ ವ್ಯಾಸ್ ಅನ್ನೋ ಯೋಜನೆಯಡಿ ಮಾನ್ಯತೆ ಪಡೆದ ಇಂಜಿನಿಯರ್ ಸರ್ಟಿಫಿಕೇಟ್ ಬೇಕೇ ಬೇಕು, ಇಂಜಿನ್ ಬದಲಾಗಿದ್ದರೆ ಅದಕ್ಕೂ ಬೇಕಾಗಬಹುದು. ಕತ್ತರಿಸೋ ಮುಂಚೆ ಅವನ ಹತ್ತಿರ ಹೋಗಿದ್ದರೆ, ಯಾವ ಸ್ಟೀರಿಂಗ್ ಬಾಕ್ಸ್ ಹಾಕಬೇಕು, ಎಲ್ಲಿ ವೆಲ್ಡ್ ಮಾಡಬಾರದು ಅಂತ ಅವನೇ ಬರೆದುಕೊಡುತ್ತಿದ್ದ. ಸಹಿ ಹಾಕುವವನು ಮೊದಲು, ಪಾನಾ ಹಿಡಿಯುವವನು ಆಮೇಲೆ.

ನೀರಿನ ವಿಷಯ ಕೇಳಿದೆ. ಅವನು ನಕ್ಕು ಕಾರ್ಪೆಟ್ ಎತ್ತಿದ. ಕೆಳಗೆ ತಗಡಿನ ತೇಪೆ, ರಿವೆಟ್ ಹೊಡೆದು ಮೇಲೆ ಡಾಂಬರಿನಂಥದ್ದು ಮೆತ್ತಿದ್ದರು. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಬರುವ ಜಾಲರಿ ಇದೆಯಲ್ಲ, ಅದರ ಕೆಳಗಿನ ಡಬ್ಬಿಗೆ ಕೌಲ್ ಅಂತಾರೆ. ಆ ಕಾಲದ ಮಸ್ಟಾಂಗ್‌ಗಳ ಕುಲರೋಗ ಅದು. ಎಲೆ ಕಸ ಸೇರಿ ಒಳಗಿಂದ ಕೊಳೆಯುತ್ತೆ, ಹೊರಗೆ ಏನೂ ಕಾಣೋದಿಲ್ಲ. ಕೊಳ್ಳುವ ಮುಂಚೆ ಅರ್ಧ ಬಕೆಟ್ ನೀರು ಆ ಜಾಲರಿಗೆ ಸುರಿದು, ಒಳಗೆ ಬಗ್ಗಿ ನೋಡಿ. ಅಷ್ಟೇ ಪರೀಕ್ಷೆ. ಬಾಗಿಲಿನ ಕೆಳಗೆ, ಹಿಂದಿನ ಚಕ್ರದ ಸುತ್ತ ಒಂದು ಅಯಸ್ಕಾಂತವನ್ನ ಬಟ್ಟೆಯಲ್ಲಿ ಸುತ್ತಿ ಹಿಡಿಯಿರಿ, ಹಿಡಿಯದ ಕಡೆ ಇರೋದು ಕಬ್ಬಿಣ ಅಲ್ಲ, ಪುಟ್ಟಿ. ಈ ಎರಡನ್ನೂ ಚಾಂಡ್ಲರ್ ಗೆಳೆಯ ಹತ್ತು ನಿಮಿಷದಲ್ಲಿ ಮಾಡುತ್ತಿದ್ದ.

ಮರುಭೂಮಿಯ ಕಾರಿಗೆ ಇಷ್ಟು ತುಕ್ಕು ಎಲ್ಲಿಂದ ಬಂತು ಅಂತ ಆಮೇಲೆ ಗೊತ್ತಾಯಿತು. ಹಿಂದಿನ ಸೀಟು ಕಿತ್ತಾಗ ಸ್ಪ್ರಿಂಗಿನ ಸಂದಿಯಲ್ಲಿ ಒಂದು ಸರ್ವಿಸ್ ಬಿಲ್ ಸಿಕ್ಕಿತು. 1994, ಒಹಾಯೊ. ಚಳಿಗಾಲದಲ್ಲಿ ಮಂಜು ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯೋ ನಾಡು ಅದು. ಕಾರು ಅರಿಜೋನಾದಲ್ಲಿ ಇದ್ದದ್ದು ನಿಜ, ಎಷ್ಟು ದಿನ ಇತ್ತು ಅಂತ ನಾನು ಕೇಳಲೇ ಇಲ್ಲ.

ಗೆಳೆಯನಿಗೆ ಕೊನೆಗೂ ಫೋನ್ ಮಾಡಿದೆ, ಎಲ್ಲ ಹೇಳಿದೆ. ಬೈಯಲಿಲ್ಲ. "ಆ ರಸ್ತೇಲಿ ನಾನು ವಾರಕ್ಕೆರಡು ಸಲ ದೋಸೆ ತಿನ್ನೋಕೆ ಹೋಗ್ತೀನಲ್ಲೋ" ಅಂದ, ಅಷ್ಟೇ.

ಈಗ ಹಿಂದಿನ ಆಕ್ಸಲ್, ಮುಂದಿನ ಡಿಸ್ಕ್ ಬ್ರೇಕ್, ಕೌಲ್, ಫ್ಲೋರ್, ಸ್ಟೀರಿಂಗ್ ಎಲ್ಲ ಹೊಸದಾಗಿ ಆಗಬೇಕು. ಈ ಸಲ ಇಂಜಿನಿಯರ್ ಬರೆದುಕೊಟ್ಟ ಎರಡು ಹಾಳೆ ಗೋಡೆಗೆ ಅಂಟಿಸಿಕೊಂಡು, ದುಡ್ಡು ಬಂದಷ್ಟು ಬಂದಷ್ಟು ಮಾಡಿಸ್ತಿದೀನಿ. ಐದು ನಟ್ಟಿನ ಆಕ್ಸಲ್ ಬಂದಿದೆ. ಹಾಗಾಗಿ ನಾಲ್ಕು ನಟ್ಟಿನ ಒಂದು ಸೆಟ್ ಚಕ್ರ ಮಾರಾಟಕ್ಕಿದೆ, ಫೋಟೋದಲ್ಲಿ ತುಂಬಾ ಚೆನ್ನಾಗಿ ಕಾಣುತ್ತವೆ. ಬೇಕಾದವರು ಮನೆಗೇ ಬಂದು, ಕೈಯಲ್ಲಿ ಹಿಡಿದು ನೋಡಿ, ಆಮೇಲೆ ದುಡ್ಡು ಕೊಡಿ.